ಹೆಂಗಸರ ಬ್ಯಾಚು

"ಸರ್, ಮುಂದಿನ ತಿಂಗಳಿಂದ ನಾ ಬರಂಗಿಲ್ರಿ" ಎಂದಳು ರಂಜಿತಾ.

ಭಾರ ಎಳೆಯುವ ಯಂತ್ರದ ತಂತಿಗೆ ಎಣ್ಣೆ ಬಿಡುತ್ತಿದ್ದ ಕರಿಬಸಪ್ಪನ ಕೈ ನಿಂತಿತು. ಗಂಗಾವತಿಯ ಈ ಪುಟ್ಟ ಜಿಮ್ಮಿನಲ್ಲಿ ಅವನು ತಯಾರು ಮಾಡಿದ ಹುಡುಗರೆಲ್ಲ ಒಬ್ಬೊಬ್ಬರಾಗಿ ಹೊಸಪೇಟೆ, ಬಳ್ಳಾರಿ ಅಂತ ದೊಡ್ಡ ಜಿಮ್ಮುಗಳ ಕೆಲಸಕ್ಕೆ ಹೋಗಿದ್ದರು. ಆಗೆಲ್ಲ ಒಂದೆರಡು ದಿನ ಬೈದುಕೊಂಡು ಸುಮ್ಮನಾಗಿದ್ದ. ಆದರೆ ರಂಜಿತಾ! ಹುಲಿಗಿಯಲ್ಲಿ ಕಬಡ್ಡಿ ಆಡಿಕೊಂಡಿದ್ದವಳನ್ನು ಕರೆತಂದು, ಭಾರ ಎತ್ತುವುದು, ಎತ್ತಿಸುವುದು ಎರಡನ್ನೂ ಕಲಿಸಿದ್ದ. ಅವಳಿದ್ದಾಳೆಂಬ ಧೈರ್ಯಕ್ಕೇ ಊರ ಹೆಂಗಸರು ಬೆಳಗಿನ ಬ್ಯಾಚಿಗೆ ಬರತೊಡಗಿದ್ದರು.

"ಎಲ್ಲಿಗಿ?"

"ಹುಬ್ಬಳ್ಳಿಗ್ರಿ. ದೊಡ್ಡ ಜಿಮ್ಮು."

"ಪಗಾರ ಸಾಲದಿದ್ರ ಬಾಯಿಬಿಟ್ಟು ಹೇಳಬೇಕಿಲ್ಲೇನು?"

"ಪಗಾರದ ಮಾತಲ್ರಿ ಸರ್." ಅವಳು ತಲೆ ತಗ್ಗಿಸಿದಳು. "ಮೊನ್ನೆ ಬ್ಯಾಚಿನಾಗ ಹಮೀದಾಬಿ ಅವರ ಮೊಣಕಾಲು ಹಿಡಕೊಂತಲ್ರಿ, ಏನ ಮಾಡಸಬೇಕು ಅಂತ ನನಗ ತಿಳೀಲಿಲ್ಲ. ನಿಮ್ಮನ್ನ ಕೇಳಿದೆ, ನಿಮಗೂ ತಿಳೀಲಿಲ್ಲ. ಕಡೀಕ ಮೊಬೈಲ್ ನೋಡಿ ಏನೋ ಒಂದ ಮಾಡಸಿದೆ. ಹೆಚ್ಚುಕಮ್ಮಿ ಆಗಿದ್ರ? ಅಲ್ಲಿ ಕೆಲಸದ ಜೋಡಿ ಕಲಸ್ತಾರಂತ್ರಿ. ನನಗ ಇನ್ನಾ ಕಲೀಬೇಕಾಗೇತ್ರಿ."

"ಗಿಡ ಹಚ್ಚಿ ನೀರ ಹಾಕಾಂವ ನಾನು, ಹಣ್ಣ ಹರಕೊಳ್ಳಾವ್ರು ಮಂದಿ" ಎಂದುಬಿಟ್ಟ ಕರಿಬಸಪ್ಪ. ಅವಳ ಕಣ್ಣು ತುಂಬಿದ್ದನ್ನು ಕಂಡು, ಆಡಬಾರದಿತ್ತು ಅನಿಸಿತು.

ತೊಂಬತ್ತೇಳರಲ್ಲಿ ಅವನಿಗೂ ದಾವಣಗೆರೆಯಿಂದ ಕರೆ ಬಂದಿತ್ತು. ಕುಸ್ತಿ ಕೋಚ್ ಆಗುವ ತರಬೇತಿಗೆ. ಗರಡಿಯ ಕೆಮ್ಮಣ್ಣಿನ ಅಂಚಿನಲ್ಲಿ ಕೂತಿದ್ದ, ಅವನಿಗೆ ಕುಸ್ತಿ ಕಲಿಸಿದ ವಸ್ತಾದ ಉಮರಸಾಬರು, "ನೀ ಹೋದ್ರ ಈ ಗರಡಿ ಯಾರ ನೋಡಕೊಂತಾರ ಬೇಟಾ?" ಎಂದಿದ್ದರು. ಅಷ್ಟೇ. ಅವನು ಉಳಿದುಬಿಟ್ಟ. ಮುಂದೆ ವಸ್ತಾದರು ತೀರಿಹೋದರು, ಗರಡಿಯೂ ಬಿದ್ದುಹೋಯಿತು. ಅವರ ಮೇಲೆ ಅವನಿಗೆ ಸಿಟ್ಟಿರಲಿಲ್ಲ. ಆದರೆ ಬಸ್ ಸ್ಟ್ಯಾಂಡಿನಲ್ಲಿ ದಾವಣಗೆರೆಯ ಬೋರ್ಡು ಕಂಡರೆ ಇವತ್ತಿಗೂ ಅವನ ಕಾಲು ಒಂದು ಗಳಿಗೆ ನಿಲ್ಲುತ್ತಿತ್ತು.

'ನೀ ಹೋದ್ರ ಈ ಹೆಣ್ಮಕ್ಕಳ ಗತಿ ಏನವ್ವಾ?' ಎಂಬ ಮಾತು ಗಂಟಲಿಗೆ ಬಂತು. ಕೇಳಿದರೆ ಅವಳು ಉಳಿಯುತ್ತಾಳೆಂದು ಅವನಿಗೆ ಗೊತ್ತಿತ್ತು. ಕೈಗಂಟಿದ ಎಣ್ಣೆ ಒರೆಸಿಕೊಳ್ಳುತ್ತ, "ಹೋಗವಾ, ಛಲೋತ್ನಂಗ ಕಲಿ" ಎಂದ.

ಅವಳು ಹೊರಟ ದಿನ, ಹೋಗಬಾರದು ಅಂದುಕೊಂಡವನು ಬಸ್ ಸ್ಟ್ಯಾಂಡಿಗೆ ಹೋದ. ಕಿಟಕಿಯ ಹೊರಗೆ ನಿಂತು, "ಹೊಟ್ಟಿ ಕಟ್ಟಬ್ಯಾಡ ಮತ್ತ, ಹೊತ್ತಿಗೆ ಸರಿಯಾಗಿ ಉಣ್ಣು" ಎಂದಷ್ಟೇ ಹೇಳಿದ. ಬಸ್ಸು ಕೊಪ್ಪಳದ ದಾರಿ ಹಿಡಿದು ಮರೆಯಾದ ಮೇಲೂ ನಿಂತೇ ಇದ್ದ. ಚಹಾ ಮಾರುವವನೊಬ್ಬ, "ಮಗಳೇನ್ರಿ?" ಎಂದು ಕೇಳಿದ.

"ಹೂಂ" ಎಂದ ಕರಿಬಸಪ್ಪ.

ಮರುದಿನ ಬೆಳಿಗ್ಗೆ ಹೆಂಗಸರು ಎಂದಿನಂತೆ ಬಂದರು. ಆ ಹೊತ್ತಿನಲ್ಲಿ ಕರಿಬಸಪ್ಪ ಜಿಮ್ಮಿನೊಳಗೆ ಕಾಲಿಡುತ್ತಿರಲಿಲ್ಲ. ಬಾಗಿಲ ಪರದೆಯ ಈಚೆ ಕುರ್ಚಿ ಹಾಕಿಕೊಂಡು ಕೂತಿದ್ದ. ಒಳಗೆ ಗುಸುಗುಸು. ಇನ್ನೇನು ಒಬ್ಬೊಬ್ಬರಾಗಿ ಚಪ್ಪಲಿ ಮೆಟ್ಟಿಕೊಂಡು ಹೊರಟುಬಿಡುತ್ತಾರೆ ಅನಿಸಿ ಅವನು ಕುರ್ಚಿಯ ತುದಿಗೆ ಸರಿದ. ಅಷ್ಟರಲ್ಲಿ ಒಂದು ದನಿ ಎದ್ದಿತು: "ಕೈ ಮ್ಯಾಲ ಎತ್ರಿ... ಉಸಿರ ಬಿಗಿ ಹಿಡೀಬ್ಯಾಡ್ರಿ..."

"ಯಾರದು?" ಎಂದ.

"ನಾನ್ರಿ ಸರ್, ಮುಸ್ಕಾನ." ಮನೆಯಲ್ಲಿ ರವಿಕೆ ಹೊಲಿಯುವ ಹುಡುಗಿ. ಬ್ಯಾಚು ಸುರುವಾದ ದಿನದಿಂದ ತಪ್ಪದೆ ಬರುತ್ತಿದ್ದವಳು. "ರಂಜಿತಕ್ಕ ಕಲಿಸಿದ್ದನ್ನ ಮಾಡಸಾಕತ್ತೀನ್ರಿ. ತಪ್ಪಾತನ್ರಿ?"

"ತಪ್ಪಿಲ್ಲ ತಂಗಿ. ಬರೂದಷ್ಟ ಮಾಡಸು, ಗೊತ್ತಿಲ್ಲದ್ದಕ್ಕ ಕೈ ಹಾಕಬ್ಯಾಡ." ಆಮೇಲೆ ಕೇಳಿದ, "ಮನಿಯಾಗ ಒಪ್ಪಿದ್ರ, ನೀನೂ ಹುಬ್ಬಳ್ಳಿಗೆ ಹೋಗಿ ಕಲತ ಬರ್ತೀಯೇನು? ನಾ ಕಳಸತೀನಿ."

ಮುಸ್ಕಾನಳ ದನಿ ಪರದೆಯ ಹತ್ತಿರಕ್ಕೆ ಬಂತು.

"ಕಲತ ಮ್ಯಾಲ ನಾನೂ ಅಲ್ಲೇ ಉಳದಬಿಟ್ರ ಏನ ಮಾಡ್ತೀರಿ ಸರ್?"

ಹೆಂಗಸರು ನಕ್ಕರು. ಕರಿಬಸಪ್ಪನಿಗೆ ನಗು ಬರಲಿಲ್ಲ. ಕುರ್ಚಿಯನ್ನು ಪರದೆಯತ್ತ ಎಳೆದುಕೊಂಡ.

"ಹಂಗಿದ್ರ, ನಿನ್ನ ಹಿಂದ ನಿಂತಾಕಿಗೆ ಇವತ್ತಿಂದನ ಕಲಸಾಕ ಹತ್ತು, ತಂಗಿ."