ಶ್ವೇತಭವನದಿಂದ ತಂದ ಬಿಡುಗಡೆ

“ಮಗನನ್ನು ಸಾಯಿಸಿದವನ ಬಿಡುಗಡೆಗೆ ಬೇಡೋಕೆ ಹೊರಟಿದ್ದೀಯಲ್ಲ ಅಕ್ಕಾ, ನಿನಗೇನು ತಲೆ ಕೆಟ್ಟಿದೆಯಾ?”

ತಂಗಿ ಬ್ಲಾಂಚ್ ಬೀದಿಗೆ ಕೇಳುವಂತೆ ಕೂಗಾಡಿದಳು. ಡಾರ್ಲಿನ್ ಕ್ರೆಚಿ ಪೆಟ್ಟಿಗೆಯನ್ನು ಕಾರಿಗೆ ಹಾಕಿದಳು. ನೆಬ್ರಾಸ್ಕದ ಆ ಪುಟ್ಟ ಊರು ಅಂದೇ ಅವಳ ಮುಖಕ್ಕೆ ಬಾಗಿಲು ಹಾಕಿತು.

ಅವಳ ಮಗ ಮೈಲೊ ಸತ್ತದ್ದು ಗಾರ್ಡನ್ ಸ್ಟೈಸ್ಕಲ್‌ನ ಕಣಜದಲ್ಲಿ, ಮುಸುಕಿನಜೋಳದ ರಾಶಿಯಡಿ ಉಸಿರುಗಟ್ಟಿ. ಸೊಂಟಕ್ಕೊಂದು ಹಗ್ಗವನ್ನೂ ಕೊಡದೆ ಅವನನ್ನು ಒಳಗಿಳಿಸಿದ ಗಾರ್ಡನ್, ಹಗ್ಗ ಕೊಟ್ಟಿದ್ದೆ ಎಂದು ವಾಷಿಂಗ್ಟನ್ನಿನ ತನಿಖೆದಾರರ ಮುಂದೆ ಸುಳ್ಳು ಹೇಳಿದ. ಕೇಂದ್ರದ ನ್ಯಾಯಾಲಯ ಐದು ವರ್ಷ ಕೊಟ್ಟದ್ದು ಆ ಸುಳ್ಳಿಗೆ. ಜೈಲು ಮಿಸೌರಿ ನದಿಯಾಚೆ, ಪಕ್ಕದ ರಾಜ್ಯವಾದ ದಕ್ಷಿಣ ಡಕೋಟದಲ್ಲಿತ್ತು. ಅಲ್ಲಿ ಅವನು ಗುಲಾಬಿ ಗಿಡ ಸವರಿಕೊಂಡು ಆರಾಮಾಗಿದ್ದ.

ಗಾರ್ಡನ್ ದೇಶದ ಅಧ್ಯಕ್ಷರ ಹಳೆಯ ಗೆಳೆಯ. ಬಿಟ್ಟರೆ ಪತ್ರಿಕೆಗಳು ಜಾಡಿಸುತ್ತವೆಂದು ಅಧ್ಯಕ್ಷರು ಸುಮ್ಮನಿದ್ದರು. ಸತ್ತವನ ತಾಯಿಯೇ ಬಂದು ಕೇಳಿದರೆ ಇನ್ನೇನು ಬೇಕು? ಶ್ವೇತಭವನಕ್ಕೆ ಕ್ಯಾಮೆರಾಗಳನ್ನು ಕರೆಸಿದರು.

“ಸಂಸತ್ತು ನನ್ನ ಮಸೂದೆಗಳನ್ನ ತಡೆಯುತ್ತೆ. ಕೋರ್ಟು ನನ್ನ ಆದೇಶಗಳನ್ನ ಹರಿದು ಬಿಸಾಡುತ್ತೆ. ಈ ಕ್ಷಮಾದಾನಕ್ಕೆ ಮಾತ್ರ ನನಗೆ ಯಾರಪ್ಪನ ಅಪ್ಪಣೆಯೂ ಬೇಕಿಲ್ಲ,” ಎಂದು ಅಧ್ಯಕ್ಷರು ನಕ್ಕು ಸಹಿ ಹಾಕಿದರು. “ನಿಮ್ಮ ಮನಸ್ಸು ದೊಡ್ಡದಮ್ಮಾ.”

“ಅವನು ಅಲ್ಲಿರೋವರೆಗೂ ನನಗೆ ನಿದ್ದೆ ಬರಲ್ಲ ಸಾರ್,” ಎಂದಳು ಡಾರ್ಲಿನ್. “ಊರಿಗೆ ಕಳಿಸಿಕೊಡಿ, ಸಾಕು. ನಾನೇ ಹೋಗಿ ಕರ್ಕೊಂಡು ಬರ್ತೀನಿ.”

ಹಾಗೆಯೇ ಜೈಲಿನ ಬಾಗಿಲಲ್ಲಿ ಕಾದಳು. ಗಾರ್ಡನ್ ಮೈ ತುಂಬಿಕೊಂಡಿದ್ದ. ಕಾರಿನಲ್ಲಿ ಕಾಲು ಚಾಚಿ ಕುಳಿತ.

“ನಿನ್ನ ಮಗ ಒಳ್ಳೆಯವನೇ ಡಾರ್ಲಿನ್. ಸ್ವಲ್ಪ ಪೆದ್ದ. ಕಾಲೆಲ್ಲಿಡಬೇಕು ಅಂತ ನೋಡ್ಕೋಬೇಕಿತ್ತು.”

ಅವಳ ಮೈಯೆಲ್ಲ ಉರಿಯಿತು. ಮಿಸೌರಿ ನದಿಯ ಸೇತುವೆ ಬಂತು. ಅವಳು ವೇಗ ಹೆಚ್ಚಿಸಿದಳು. ಕಾರು ಪಕ್ಕದ ಕಂಬಿಗಳ ಸಮೀಪಕ್ಕೆ ಸರಿಯಿತು, ಕೆಳಗೆ ಕೆಸರು ನೀರು.

“ಏಯ್, ನಿಧಾನ! ಏನ್ ಮಾಡ್ತಿದ್ದೀಯಾ?” ಗಾರ್ಡನ್ ಬಾಗಿಲ ಹಿಡಿಕೆಯನ್ನು ಭದ್ರವಾಗಿ ಹಿಡಿದ. “ನನ್ನನ್ನ ಸಾಯಿಸಬೇಕಂತಿದ್ದೀಯಾ?”

“ಛೇ! ನಿನ್ನ ಕೂದಲೂ ಕೊಂಕಬಾರದು,” ಎಂದಳು.

ಕಾರು ನದಿ ದಾಟಿತು. ನೆಬ್ರಾಸ್ಕದ ದಡದಲ್ಲಿ ಅವಳು ಗಕ್ಕನೆ ಬ್ರೇಕ್ ಹಾಕಿದಳು. ಎದುರಿಗೆ ಜಿಲ್ಲೆಯ ಪೊಲೀಸ್ ಮುಖ್ಯಸ್ಥ, ಶೆರಿಫ್ ಹವೆಲ್ಕ, ಕೈಕೋಳ ಹಿಡಿದು ನಿಂತಿದ್ದ.

“ನನಗೆ ಅಧ್ಯಕ್ಷರ ಕ್ಷಮೆ ಸಿಕ್ಕಿದೆ!” ಗಾರ್ಡನ್ ಕಿರುಚಿದ.

“ಸಿಕ್ಕಿರೋದು ಸುಳ್ಳು ಹೇಳಿದ್ದಕ್ಕೆ. ಅದು ಕೇಂದ್ರದ ಕೇಸು,” ಎಂದ ಹವೆಲ್ಕ. “ಮೈಲೊನ ಸಾವಿನ ಕೇಸು ನೆಬ್ರಾಸ್ಕದ್ದು. ರಾಜ್ಯದ ಕೇಸಲ್ಲಿ ಅಧ್ಯಕ್ಷರ ಸಹಿ ನಡೆಯಲ್ಲ. ನಮ್ಮ ಜ್ಯೂರಿ ಗುಟ್ಟಾಗಿ ಆರೋಪ ಹೊರಿಸಿ ಆಗಲೇ ತಿಂಗಳುಗಳಾದ್ವು. ನಾವು ಕೇಳಿದ್ರೆ ನಿನ್ನ ಗೆಳೆಯ ಅಧ್ಯಕ್ಷರು ನಿನ್ನನ್ನ ಜೈಲಿಂದ ನಮಗೆ ಕಳಿಸ್ತಿರಲಿಲ್ಲ. ಐದು ವರ್ಷ ಕಾಯೋ ತಾಳ್ಮೆ ಈ ತಾಯಿಗಿರಲಿಲ್ಲ, ಅದಕ್ಕೇ ನಿನ್ನನ್ನ ಬಿಡಿಸಿ ನಮ್ಮ ಗಡಿಯೊಳಗೆ ತಂದ್ರು.”

ಗಾರ್ಡನ್ ಬಿಳಿಚಿಕೊಂಡು ಅವಳತ್ತ ತಿರುಗಿದ. “ನೀನು... ನೀನು ಕ್ಷಮಿಸಿದ್ದೆಯಲ್ಲ!”

“ಕ್ಷಮಿಸಿದ್ದು ಅಧ್ಯಕ್ಷರು,” ಎಂದಳು ಡಾರ್ಲಿನ್. “ನಾನಲ್ಲ. ಇಳಿ ಕೆಳಗೆ.”