ಉಡೋನ್‌ಗೆ ಮರ್ಯಾದೆ

"ಇಲ್ಲಿ ಸೊರ್ ಅಂತ ಸದ್ದು ಮಾಡ್ಕೊಂಡೇ ತಿನ್ನಬೇಕಂತೆ. ಇಲ್ಲಾಂದ್ರೆ ಅಡುಗೆಯವನಿಗೆ ಅವಮಾನ ಆಗತ್ತಂತೆ," ಎಂದೆ.

"ನನ್ನ ಕೈಲಾಗಲ್ಲಪ್ಪ. ಊಟದಲ್ಲಿ ಸದ್ದು ಮಾಡಿದ್ರೆ ಅಮ್ಮ ಸೌಟಲ್ಲಿ ಬಾರಿಸ್ತಿದ್ಲು," ಎಂದ ಹೆಂಡತಿ, ಉಡೋನ್ ಎಂಬ ದಪ್ಪ ಶಾವಿಗೆಯನ್ನು ಬಾಯಿ ಮುಚ್ಚಿಕೊಂಡು ಅಗಿದಳು. ನಾನೂ ಅಷ್ಟೇ.

ಒಸಾಕಾದ ಆ ಪುಟ್ಟ ಹೋಟೆಲಿನಲ್ಲಿ ಗಿರಾಕಿಗಳೆಂದರೆ ನಾವಿಬ್ಬರು ಮತ್ತು ಮಾವನವರು. ಒಲೆಯ ಪಕ್ಕ ನಿಂತ ಮುದುಕ ಬಾಣಸಿಗ ಕಿವಿಗೊಟ್ಟು ಕಾದ. ಮುಖ ಬಾಡಿತು. ತಲೆಗೆ ಕಟ್ಟಿದ್ದ ಬಟ್ಟೆಯನ್ನು ಬಿಚ್ಚತೊಡಗಿದ.

ಅಷ್ಟರಲ್ಲಿ ಮೂಲೆಯಲ್ಲಿ ಕೂತಿದ್ದ ಮಾವನವರಿಂದ ಶುರುವಾಯಿತು ನೋಡಿ, ಬಟ್ಟಲು ನಡುಗುವಂಥ ಸದ್ದು!

ಬಾಣಸಿಗನ ಕಣ್ಣು ತುಂಬಿ ಬಂತು. ನಿಂತಲ್ಲೇ ಸೊಂಟ ಬಗ್ಗಿಸಿ ನಮಸ್ಕರಿಸಿದವನು ತಲೆ ಎತ್ತಲೇ ಇಲ್ಲ.

ಹೆಂಡತಿ ನನ್ನ ಕಿವಿಯಲ್ಲಿ ಪಿಸುಗುಟ್ಟಿದಳು: "ರೀ, ಈಗ ಅಪ್ಪನ್ನ ಎಬ್ಬಿಸ್ಬೇಡಿ."