ಒಂದು ಡಬ್ಬಿ ಕೆಂಪು

ಇಳಕಲ್ಲಿನ ಒಂದು ಅಡುಗೆಮನೆಯಿಂದ ಒಂದು ಡಬ್ಬಿ ಮಣ್ಣು ಕಾಣೆಯಾದದ್ದು ನಾಡಿನ ಕಲಾಚರಿತ್ರೆಯಲ್ಲಿ ದಾಖಲಾಗಬೇಕಿದ್ದ ಸಂಗತಿ. ಯಾರೂ ದಾಖಲಿಸದ ಕಾರಣ ಇಲ್ಲಿ ಹೇಳಬೇಕಾಗಿದೆ.

ಆ ಮಣ್ಣು ಚಿತ್ರಕಾರ ವಿಜಯಮಹಾಂತೇಶನದು. ಬಾದಾಮಿಯ ಬಂಡೆ ಮಳೆಯಲ್ಲಿ ನೆನೆದು ಆರುವಾಗ ಹತ್ತು ನಿಮಿಷ ಮಾತ್ರ ತೋರುವ ಕೆಂಪಿಗಾಗಿ ಅವನು ಎರಡು ಮಳೆಗಾಲ ಅದರೆದುರು ಸುಮ್ಮನೆ ಕೂತಿದ್ದ. ಅಂಗಡಿಯ ಯಾವ ಬಣ್ಣವೂ ಆ ಕೆಂಪಾಗಲಿಲ್ಲ. ಕೊನೆಗೆ ಬಂಡೆಯ ಬುಡಕ್ಕೆ ಹರಿದು ಬಂದ ಮಣ್ಣನ್ನೇ ತಂದು, ಅರೆದು, ಸೋಸಿ, ಅಮೀನಗಡದ ಕರದಂಟಿನ ಅಂಗಡಿಯಲ್ಲಿ ಕೊಂಡ ಅಂಟಿನಲ್ಲಿ ಕಲಸಿ ಬಳಿದ. ಕೆಂಪು ಬಂತು. ಕ್ಯಾನ್ವಾಸಿನಲ್ಲಿ ಬಳಿಯಲು ಇನ್ನೂ ಗೇಣಗಲ ಉಳಿದಿತ್ತು. ನಾಡಿದ್ದು ಬಾಗಲಕೋಟೆಯಲ್ಲಿ ಪ್ರದರ್ಶನ. ಮಣ್ಣು ತಂದ ಜಾಗಕ್ಕೆ ಈಗ ಸಿಮೆಂಟು ಬಿದ್ದಿತ್ತು.

"ಅವ್ವಾ, ಡಬ್ಬ್ಯಾನ ಮಣ್ಣ ಎಲ್ಲೈತಿ?"

ಗುರುಲಿಂಗವ್ವ ದೇವರ ಜಗಲಿ ತೋರಿಸಿದಳು. ಅಂದು ಮಣ್ಣೆತ್ತಿನ ಅಮಾವಾಸ್ಯೆ. ಜೋಳದ ಕಾಳಿನ ಕಣ್ಣಿಟ್ಟುಕೊಂಡು ಎರಡು ಕೆಂಪು ಎತ್ತು ನಿಂತಿದ್ದವು. ಮಣ್ಣು ಸಾಲದೆ ಬಲಗಡೆಯದು ತುಸು ಸಣ್ಣದಾಗಿತ್ತು.

"ಒಂದ ಕಲ್ಲಿಲ್ಲ, ಕಸ ಇಲ್ಲ. ಎತ್ತಿಗೆ ಇದಕ್ಕಿಂತ ಚಲೋ ಮಣ್ಣ ಎಲ್ಲಿ ಸಿಗತೈತಿ?"

"ಅದು ನನ್ನ ಚಿತ್ರದ್ದವ್ವ. ಒಡದ ಕೊಡು."

"ಪೂಜಿ ಆದ ಎತ್ತ ಒಡೀತಿ? ತಲಿ ನೆಟ್ಟಗೈತೇನ ನಿಂದು? ನಾಳೆ ನೀರಿಗೆ ಬಿಡೂದು ಪದ್ಧತಿ." ತುಸು ತಡೆದು ಕೇಳಿದಳು, "ನಿನ್ನ ಬಣ್ಣಕ್ಕ ಏನೇನ ಹಾಕ್ತಿ?"

"ನೀರು, ಅಂಟು."

"ಮತ್ತ? ಆ ನೀರಿಗೇ ಬಿಡೂಣು. ಆದ್ರ ಯಾರರ ಕೇಳಿದ್ರ ಚಿತ್ರದಾಗ ಏನೂ ಇಲ್ಲ ಅನಬ್ಯಾಡ. ನನ್ನ ಎತ್ತ ಇರತಾವ ಅದರಾಗ."

ಚಿತ್ರದಲ್ಲಿ ಏನಿದೆ ಎಂದವರಿಗೆಲ್ಲ ಹನ್ನೆರಡು ವರ್ಷದಿಂದ ಅವನದು ಒಂದೇ ಉತ್ತರ: "ಏನೂ ಇಲ್ರಿ, ಬಣ್ಣ ಅಷ್ಟ." ಅವನಿಗಿದ್ದ ಸಿದ್ಧಾಂತವೂ ಅದೊಂದೇ. ಸಿದ್ಧಾಂತವನ್ನು ನೆನೆದ, ಉಳಿದ ಗೇಣನ್ನು ನೆನೆದ, ಹೂಂ ಎಂದ.

ಮರುದಿನ ಎತ್ತುಗಳು ಬಣ್ಣದ ಬೋಗುಣಿಯಲ್ಲಿ ಕರಗಿದವು. ತಳದಲ್ಲಿ ನಾಲ್ಕು ಜೋಳದ ಕಾಳು ಉಳಿದವು. ಸಂಜೆಯೊಳಗೆ ಚಿತ್ರ ಮುಗಿಯಿತು. ಈ ತುದಿಯಿಂದ ಆ ತುದಿಗೆ ಬರೀ ಕೆಂಪು.

ಬಾಗಲಕೋಟೆಯಲ್ಲಿ ನಿವೃತ್ತ ಮಾಸ್ತರರೊಬ್ಬರು ಅದರೆದುರು ನಿಂತರು.

"ಇದರಾಗ ಏನೈತ್ರಿ?"

ವಿಜಯಮಹಾಂತೇಶ ಅತ್ತಿತ್ತ ನೋಡಿ, ದನಿ ತಗ್ಗಿಸಿ ಹೇಳಿದ, "ಎರಡ ಎತ್ತ ಅದಾವ್ರಿ."

ಮಾಸ್ತರರು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು.

"ಹೌದ್ರಿ. ಬಲಕಿಂದು ಸ್ವಲ್ಪ ಸಣ್ಣದೈತಿ."

ಅದು ಸಣ್ಣದೇ ಆಗಿತ್ತು.